ಬಾಗಿಲಿಲ್ಲದ ಅಂಗಡಿಯ ನಗ್ಮಾ
ಗುಂಡ್ಲುಪೇಟೆಯ ನಗ್ಮಾಳ ಅಂಗಡಿಗೆ ಬಾಗಿಲಿಲ್ಲ, ಬೋರ್ಡಿಲ್ಲ; ಅತ್ತೆಯೂ ತಾನೂ ಹೊಲಿದ ಮಣಿಚೀಲಗಳೆಲ್ಲ ಇರುವುದು ಇಂಟರ್ನೆಟ್ಟಿನ ಗೆಳೆಯರ ತಾಣ ಆರ್ಕುಟ್‌ನಲ್ಲಿ. ಮಗುವನ್ನು ತೊಡೆಗೇರಿಸಿಕೊಂಡು ಸೈಬರ್ ಸೆಂಟರಿನಲ್ಲಿ ಕೂತಳೆಂದರೆ, ಯಾರಿಗೆ ಹುಟ್ಟುಹಬ್ಬದ ಶುಭಾಶಯ ಬರೆದರೂ ಕೊನೆಗೊಂದು ಚೀಲದ ಫೋಟೋ ತೂಗುಹಾಕಿ, "ನೋಡಕ್ಕೇನು ಕಾಸಾ ಅಕ್ಕಾ?" ಎಂದು ಕೇಳದೆ ಏಳುವವಳಲ್ಲ. ಮನೆ ಹೆಂಗಸರ ಬೆರಳೂ ಫೋಟೋದಲ್ಲಿ ಕಾಣಕೂಡದು, ಕಂಡರೆ ಅಂಗಡಿ ಬಂದ್ ಎಂಬುದು ಅತ್ತೆ ಅಕ್ತರ್ ಬೀಯ ಷರತ್ತು. ಹಾಗಾಗಿ ಚೀಲಗಳು ದಾಳಿಂಬೆ ಕೊಂಬೆಯಲ್ಲೋ ಸೈಕಲ್ ಹ್ಯಾಂಡಲಿನಲ್ಲೋ ನೇತಾಡುತ್ತವೆ. ಮೊನ್ನೆ ಅವಸರದಲ್ಲಿ, ಚೀಲ ಎತ್ತಿಹಿಡಿದ ಅತ್ತೆಯ ಸುಕ್ಕುಗೈಯೂ ಫೋಟೋದೊಳಗೆ ಬಂದುಬಿಟ್ಟಿತು. ಮೈಸೂರಿನ ಒಬ್ಬಾಕೆ "ಈ ಕೈ ಹೊಲಿದದ್ದೇ ಬೇಕು" ಎಂದು ಬರೆದದ್ದನ್ನು ನಗ್ಮಾ ಅಂಜುತ್ತಲೇ ಅತ್ತೆಗೆ ಹೇಳಿದಳು. ನಲವತ್ತು ವರ್ಷ ಹೊಲಿದರೂ ಯಾರೂ ಕೇಳದಿದ್ದ ಕೈಯನ್ನು ಅಕ್ತರ್ ಬೀ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಮೊದ್ಲೇ ಯೋಳ್ಬಾರ್ದಾ ಕಣಮ್ಮಿ? ಬಳೆನಾದ್ರೂ ಹಾಕ್ಕತಿದ್ದೆ!" ನಗ್ಮಾಳಿಗೆ ಹೋದ ಜೀವ ಬಂತು.