ಗೋಡೆಯಾಚೆಯ ‘ಅಯ್ಯೋ’

ನಮ್ಮ ಚಿಕ್ಕಮ್ಮ ಕಂಪ್ಯೂಟರ್ ಕೊಂಡಾಗ ಅವಳಿಗೆ ಐವತ್ತು ದಾಟಿತ್ತು. ಅದಕ್ಕೂ ಮುಂಚೆ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಕುಟ್ಟಿ ಕುಟ್ಟಿ ಬೆರಳುಗಳನ್ನು ಕಬ್ಬಿಣ ಮಾಡಿಕೊಂಡವಳು. ಕಂಪ್ಯೂಟರ್ ಮುಂದೆ ಕೂತರೂ ಹಾಗೇ ಕುಟ್ಟುತ್ತಿದ್ದಳು. ಒಂದು ಸಾಲು ಮುಗಿಯಿತೆಂದರೆ ಎಡಗೈ ತಾನಾಗಿಯೇ ಮೇಲೆದ್ದು, ಅಲ್ಲಿಲ್ಲದ ಹಿಡಿಯನ್ನು ತಳ್ಳಲು ಗಾಳಿಯಲ್ಲಿ ತಡಕಾಡುತ್ತಿತ್ತು. “ಇದು ಟೈಪ್‌ರೈಟರ್ ಅಲ್ಲ ಚಿಕ್ಕಮ್ಮ” ಎಂದರೆ, “ನನಗೆ ಗೊತ್ತು, ಈ ಕೈಗೆ ಯಾರು ಹೇಳ್ತಾರೆ?” ಅನ್ನುತ್ತಿದ್ದಳು. ನಾನಾಗ ಕಾಲೇಜು ಓದಲು ಅವಳ ಮನೆಯಲ್ಲಿದ್ದೆ. ಮದುವೆಯ ಗೊಡವೆಗೇ ಹೋಗದ ಚಿಕ್ಕಮ್ಮ, ಬಾಯಿಗೆ ಬೀಗವಿಲ್ಲದ ನಾನು. ಒಳ್ಳೆ ಜೋಡಿ.

ಬಡಗಿಯ ಅಂಗಡಿಯ ಮೇಲಿನ ಮಹಡಿ ಅದು. ಎರಡೇ ಮನೆ, ನಡುವೆ ಒಂದು ಗೋಡೆ, ಮುಂದೆ ಇಬ್ಬರಿಗೂ ಸೇರಿದ ಉದ್ದನೆಯ ವರಾಂಡ. ಪಕ್ಕದ ಮನೆಯಲ್ಲಿದ್ದವರು ಶಾಲೆಯಿಂದ ನಿವೃತ್ತರಾದ ಡ್ರಾಯಿಂಗ್ ಟೀಚರ್. ಅವರದೂ ಒಂಟಿ ಜೀವ. ಅಕ್ಕತಂಗಿಯರು ಜವಳಿ ಅಂಗಡಿಗೆ ಹೋಗಿ ಒಂದೇ ಥರದ ಸೀರೆ ತೆಗೆದ ಹಾಗೆ, ಇವರಿಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಥರದ ಕಂಪ್ಯೂಟರ್ ತಂದರು. ಚಿಕ್ಕಮ್ಮ ಊರವರ ಆಮಂತ್ರಣ ಪತ್ರಿಕೆ, ಪ್ರಬಂಧಗಳನ್ನು ಟೈಪ್ ಮಾಡುವಳು. ಟೀಚರ್ ಅದಕ್ಕೆ ಹೂಬಳ್ಳಿಯ ಅಂಚು ಬರೆಯುವರು.

ರಿಪೇರಿಯವನು ನಾಳೆ ಅಂದರೆ ಮುಂದಿನ ವಾರ ಎಂದರ್ಥ. ಹಾಗಾಗಿ ಇವರೇ ಒಂದು ವೈದ್ಯ ಕಂಡುಕೊಂಡಿದ್ದರು. ಚಿಕ್ಕಮ್ಮನ ಪರದೆ ಹಸಿರಾಯಿತೋ, ಟೀಚರ್ ಮನೆಯ ಮಾನಿಟರ್ ತಂದು ಜೋಡಿಸುವುದು. ಚಿತ್ರ ಸರಿ ಬಂದರೆ ರೋಗ ಮಾನಿಟರಿನದು, ಬರದಿದ್ದರೆ ಪೆಟ್ಟಿಗೆಯದು. ಕೇಬಲ್ಲು, ಮೌಸು, ಕೀಬೋರ್ಡು, ಎಲ್ಲಕ್ಕೂ ಇದೇ ಮದ್ದು. ಆ ಕಾಲದ ಮಾನಿಟರೆಂದರೆ ತುಂಬಿದ ಹಂಡೆಯಷ್ಟು ಭಾರ. ಇಬ್ಬರೂ ಸೆರಗು ಸಿಕ್ಕಿಸಿಕೊಂಡು, “ನಿಧಾನ ಕಣೇ”, “ನೀನೇ ಓಡ್ತಿರೋದು” ಎಂದು ಬೈದುಕೊಳ್ಳುತ್ತಾ ವರಾಂಡದಲ್ಲಿ ಹೊತ್ತು ತರುವರು; ಹಿಂದೆ ವೈರು ಹಿಡಿದು ನಾನು. ಪೆಟ್ಟಿಗೆಯ ಒಳಗೆ ಕೈ ಹಾಕುವುದು ಮಾತ್ರ ಟೀಚರ್. ಚಿಕ್ಕಮ್ಮನ ಬೆರಳು ಮುಟ್ಟಿದರೆ ಮುರಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಆ ಮಧ್ಯಾಹ್ನಗಳು ನನಗೆ ಈಗಲೂ ಬೇಕು. ಈಗ ನನ್ನ ಲ್ಯಾಪ್‌ಟಾಪ್ ಕೈಕೊಟ್ಟರೆ ನಾನೊಬ್ಬಳೇ ಅದಕ್ಕೆ ಶಾಪ ಹಾಕುತ್ತಾ ಕೂರುತ್ತೇನೆ. ಪಕ್ಕದ ಮನೆಯವರ ಮುಖವನ್ನು ಲಿಫ್ಟಿನಲ್ಲಿ ನೋಡಿದ್ದೇನೆ, ಅಷ್ಟೇ.

ಹೀಗಿರುವಾಗ ಚಿಕ್ಕಮ್ಮನ ಕಂಪ್ಯೂಟರಿಗೆ ಹೊಸ ಕಾಯಿಲೆ ಬಂತು. ಪರದೆ ಒಮ್ಮೆ ನಡುಗಿ, ಅಡ್ಡಡ್ಡ ಗೆರೆ ಮೂಡಿ, ಮೌಸಿನ ಬಾಣ ಮೊಳೆ ಹೊಡೆದಂತೆ ನಿಂತುಬಿಡುವುದು. ಏನು ಕುಟ್ಟಿದರೂ ಅಲುಗದು. ಬರೆದದ್ದೆಲ್ಲ ನೀರುಪಾಲು. ಮಾನಿಟರ್ ಬದಲಾಯಿಸಿ ನೋಡಿದರು, ಧೂಳು ಊದಿದರು, ಪೆಟ್ಟಿಗೆಯ ಫ್ಯಾನಿಗೆ ಎಣ್ಣೆ ಬಿಟ್ಟರು. ಜಗ್ಗಲಿಲ್ಲ. ಕೊನೆಗೆ ಉಳಿದದ್ದು ರ‍್ಯಾಮ್, ಪೆಟ್ಟಿಗೆಯೊಳಗಿನ ಗೇಣುದ್ದದ ಹಸಿರು ತುಂಡು. “ಅದನ್ನೂ ಅದಲು ಬದಲು ಮಾಡಿ ನೋಡೋಣ” ಅಂದವಳು ಚಿಕ್ಕಮ್ಮ. ಟೀಚರ್ ಎರಡೂ ಮನೆಯದನ್ನು ಬಿಚ್ಚಿ, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಇವಳದನ್ನು ತಮ್ಮದಕ್ಕೆ, ತಮ್ಮದನ್ನು ಇವಳದಕ್ಕೆ ಸಿಕ್ಕಿಸಿದರು. ಅವತ್ತು ಸಂಜೆಯೇ ಚಿಕ್ಕಮ್ಮನದು ಮತ್ತೆ ನಿಂತಿತು. ಟೀಚರ್ ಬಂದು ನೋಡಿ, “ಹಾಗಾದ್ರೆ ರ‍್ಯಾಮ್ ಅಲ್ಲ ಕಣೇ” ಅಂದು ಹೋದರು.

ಮಾರನೇ ದಿನ ಟೀಚರ್ ಅವರದೂ ನಿಂತಿತು. ಬೆಳಗಿನಿಂದ ಬರೆದಿದ್ದ ಹೂಬಳ್ಳಿಯೆಲ್ಲ ಹೋಯಿತು. ಅವರು ಬಾಗಿಲಲ್ಲಿ ನಿಂತು ಹೇಳಿದ್ದು ನನಗಿನ್ನೂ ನೆನಪಿದೆ.

“ನಿನ್ನ ಪೀಡೆ ನನಗೆ ಅಂಟಿಸಿದ್ಯಲ್ಲ! ಕೆಟ್ಟಿದೆ ಅಂತ ಗೊತ್ತಿದ್ದೇ ಬದಲಾಯಿಸೋಣ ಅಂದೆ ಅಲ್ವಾ?”

“ಏನಂದೆ?”

“ಕೇಳಿಸ್ತಲ್ಲ. ನೀನೇ ಇಟ್ಕೋ ನನ್ನದನ್ನ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ತರದ ಹೆಂಗಸು ನಮ್ಮ ಚಿಕ್ಕಮ್ಮ. ಅವಳನ್ನು ಮೋಸಗಾತಿ ಅಂದಿದ್ದು ಹೊರಗಿನವರಲ್ಲ, ಅವಳಿಗಿದ್ದ ಒಬ್ಬಳೇ ಗೆಳತಿ. ಆಮೇಲೆ ವರಾಂಡದಲ್ಲಿ ಎದುರಾದರೆ ಇಬ್ಬರೂ ‘ನೀವು’, ‘ತಾವು’. “ನಿಮ್ಮ ಚಿಕ್ಕಮ್ಮನವರಿಗೆ ಹಾಲಿನವನು ಬಂದಿದ್ದಾನೆ ಅಂತ ಹೇಳಮ್ಮ” ಎಂದು ಟೀಚರ್ ನನಗೆ ಹೇಳುವರು, ಚಿಕ್ಕಮ್ಮ ಅಲ್ಲೇ ನಿಂತಿದ್ದರೂ. ಚಿಕ್ಕಮ್ಮ ಊಟ ಕಮ್ಮಿ ಮಾಡಿದಳು. ನನಗಂತೂ ಟೀಚರ್ ಮೇಲೆ ಕೆಂಡದಂಥ ಸಿಟ್ಟು. “ನೀನೂ ನಾಲ್ಕು ಮಾತು ಅನ್ನು” ಅಂದರೆ ಚಿಕ್ಕಮ್ಮ ತುಟಿ ಪಿಟಕ್ಕೆನ್ನಲಿಲ್ಲ.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಚಿಕ್ಕಮ್ಮ ಟೈಪ್ ಮಾಡುತ್ತಿದ್ದಳು. ಪರದೆ ನಡುಗಿತು, ಬಾಣ ನಿಂತಿತು. ‘ಅಯ್ಯೋ’ ಅನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಆ ‘ಅಯ್ಯೋ’ ಗೋಡೆಯ ಆಚೆಯಿಂದ ಬಂತು. ಗೋಡೆಗೂ ಕಿವಿ ಇರುತ್ತದಂತೆ. ಅವತ್ತು ಬಾಯಿಯೂ ಬಂದಿತ್ತು.

ಚಿಕ್ಕಮ್ಮ ನನ್ನತ್ತ ತಿರುಗಿ ಸುಮ್ಮನಿರು ಎಂದು ಸನ್ನೆ ಮಾಡಿದಳು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ, ಕೀಬೋರ್ಡು ಮುಟ್ಟದೆ, ಗೋಡೆಗೆ ಕಿವಿಗೊಟ್ಟು ಕಾದಳು. ತುಸು ಹೊತ್ತಿಗೆ ಕೆಳಗೆ ಬಡಗಿಯ ದೊಡ್ಡ ಗರಗಸ ಮೊರೆಯಿತು. ಪರದೆ ನಡುಗಿತು. “ಹಾಳಾದ್ದು, ಮತ್ತೆ ನಿಂತ್ಕೊಳ್ತು!” ಆಚೆಯಿಂದ ಟೀಚರ್ ದನಿ.

ದಿನವೆಲ್ಲ ಕೆಳಗೆ ಕೊಯ್ಯುವ, ಬಡಿಯುವ ಸದ್ದೇ ಸದ್ದು. ಅದರಲ್ಲಿ ಆ ಒಂದು ಗರಗಸವನ್ನು ನಾವ್ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಚಿಕ್ಕಮ್ಮ ಕರೆಸಿದ ಕರೆಂಟಿನವನು ಬಂದು ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ಬಿಚ್ಚಿದ. ಒಂದು ವೈರು ಸಡಿಲವಾಗಿ, ಸುಟ್ಟು ಕಪ್ಪಾಗಿತ್ತು. ಗರಗಸ ಶುರುವಾದಾಗಲೆಲ್ಲ ಮೊದಮೊದಲು ನಮ್ಮ ಮನೆಗೆ, ವೈರು ಇನ್ನಷ್ಟು ಸುಟ್ಟ ಮೇಲೆ ಎರಡೂ ಮನೆಗೆ ಕರೆಂಟು ಸೊರಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ನಾವು ಎಮ್ಮೆಗೆ ಬರೆ ಹಾಕಿದ್ದೆವು. ಆ ಎರಡು ರ‍್ಯಾಮ್‌ಗಳಿಗೆ ಏನೂ ಆಗಿರಲಿಲ್ಲ.

ಕರೆಂಟಿನವನು ಹೋದ ಮೇಲೆ ಟೀಚರ್ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, “ತಪ್ಪಾಯ್ತು. ನಿನ್ನಂಥವಳ ಮೇಲೆ ಅನುಮಾನ ಪಟ್ಟೆ” ಅಂದರು. ಕಣ್ಣು ತುಂಬಿತ್ತು. ಸದ್ಯ, ಚಿಕ್ಕಮ್ಮ ಗೆದ್ದಳು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಚಿಕ್ಕಮ್ಮ ಎದ್ದು ನಿಂತಳು. ಮುಖ ಬಿಳುಚಿತ್ತು.

“ನೀನು ಬಾಯಿಬಿಟ್ಟು ಅಂದೆ. ನಾನು ಅದಕ್ಕೂ ಮುಂಚೇನೇ ಮನಸ್ಸಲ್ಲಿ ಅಂದ್ಕೊಂಡಿದ್ದೆ” ಅಂದಳು. “ನಿನ್ನದು ಹಾಕಿದ ಮೇಲೂ ನನ್ನದು ನಿಂತಾಗ, ಇವಳು ಬದಲಾಯಿಸಿದ ಹಾಗೆ ಮಾಡಿ ನನ್ನದನ್ನೇ ವಾಪಸ್ ಸಿಕ್ಕಿಸಿದ್ದಾಳೆ, ಒಳ್ಳೇದು ಕೊಡೋಕೆ ಮನಸ್ಸಾಗಿಲ್ಲ ಇವಳಿಗೆ ಅಂತ. ಇಷ್ಟು ದಿನ ಒಳ್ಳೆಯವಳ ಹಾಗೆ ಬಾಯಿ ಮುಚ್ಕೊಂಡಿದ್ದೆ, ಅಷ್ಟೇ.”

ನನ್ನ ಹಿಗ್ಗೆಲ್ಲ ಇಳಿದುಹೋಯಿತು. ಈಗ ಟೀಚರ್ ತಿರುಗಿ ಹೋಗಿಬಿಡುತ್ತಾರೆ, ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ.

ಟೀಚರ್ ಹೊಸ್ತಿಲು ದಾಟಿ ಒಳಗೆ ಬಂದರು.

“ಗೊತ್ತು ಕಣೇ” ಅಂದರು. “ಅವತ್ತು ಸಂಜೆ ನಿನ್ನ ಮುಖ ನೋಡಿದ್ದೆ. ಅದಕ್ಕೇ ಮಾರನೇ ದಿನ ನಾನು ಅಷ್ಟು ಹಾರಾಡಿದ್ದು.”