ಜಾರ್ಜಿಯಾ ಅಂಕಲ್

ಹಳೆಯ ಕಟ್ಟಡ ಕಂಡರೆ ಅಂಕಲ್ ಒಂದು ಕಣ್ಣು ಮುಚ್ಚಿ, ಅಂಗೈಯನ್ನು ಮೂಗಿನ ನೇರಕ್ಕೆ ನೆಟ್ಟಗೆ ಹಿಡಿಯುತ್ತಿದ್ದರು. ಮೊದಲು ಎಡಭಾಗ ಮರೆ ಮಾಡಿ ನೋಡುವುದು, ಆಮೇಲೆ ಬಲಭಾಗ. ಎರಡೂ ಒಂದೇ ಥರ ಕಂಡರೆ ಮುಖ ಅರಳುತ್ತಿತ್ತು. "ತಕ್ಕಡಿ ತೂಗಿದ ಹಾಗಿದೆ ನೋಡು!"

ಅವರು ಅಮೆರಿಕದ ಆಲ್ಡಿ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವರು, ನಿವೃತ್ತ ಸಿವಿಲ್ ಎಂಜಿನಿಯರ್. ಸುತ್ತಲಿನ ಕನ್ನಡದವರನ್ನೆಲ್ಲ ಹೊರಡಿಸಿಕೊಂಡು ಹಳೆಯ ಕಟ್ಟಡ ತೋರಿಸುವುದೇ ಅವರ ಖುಷಿ.

ಕೋವಿಡ್ ಮಾಸ್ಕ್ ತೆಗೆದ ವರ್ಷ ನಾವು ಜಾರ್ಜಿಯಾ ರಾಜ್ಯದ ಅಟ್ಲಾಂಟಾದಿಂದ ಅಲ್ಲಿಗೆ ಹೊಸದಾಗಿ ಬಂದಿದ್ದೆವು. ಅಂಕಲ್ ನನ್ನನ್ನು ತಮ್ಮ ಕಾರಿನಲ್ಲೇ ಒಂದು ಹಳೆಯ ಇನ್‌ಗೆ ಕರೆದೊಯ್ದರು. ಗುಂಪಿನ ಉಳಿದವರು ತಮ್ಮ ತಮ್ಮ ಕಾರುಗಳಲ್ಲಿ ಬಂದಿದ್ದರು. ಹಿಂದೆ ಕುದುರೆಗಾಡಿಯವರು ತಂಗುತ್ತಿದ್ದ ಕೆಂಪು ಇಟ್ಟಿಗೆಯ ಮನೆ. ನಡುವೆ ಬಿಳಿ ಬಾಗಿಲು, ಅದರ ಮೇಲೆ ಬೀಸಣಿಗೆ ಆಕಾರದ ಗಾಜು. ಎಡಕ್ಕೆಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ. ಮಾಡಿನ ಎರಡು ತುದಿಗೂ ಒಂದೊಂದು ಹೊಗೆಗೂಡು.

"ಇದು ಜಾರ್ಜಿಯನ್ ಶೈಲಿ," ಎಂದರು ಅಂಕಲ್.

ಹೊಸ ಪರಿಚಯದವರ ನಡುವೆ ನಾನೂ ಏನಾದರೂ ಆಡಬೇಕೆನಿಸಿತು. "ಗೊತ್ತು, ನಮ್ಮ ಜಾರ್ಜಿಯಾದಿಂದ ಬಂದ ಸ್ಟೈಲ್ ಅಲ್ವಾ?"

"ಅಯ್ಯೋ, ಸ್ಟೇಟ್ ಅಲ್ಲಮ್ಮ! ಇಂಗ್ಲೆಂಡ್ ದೊರೆ ಜಾರ್ಜ್ ಹೆಸರು ಅದು!" ಎಂದು ಹತ್ತಿರದ ಸ್ಟರ್ಲಿಂಗ್ ಊರಿನಿಂದ ಬಂದಿದ್ದ ಅಂಕಲ್ ಗೆಳೆಯರೊಬ್ಬರು ಹೊಟ್ಟೆ ಹಿಡಿದು ನಕ್ಕರು. ಉಳಿದವರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

"ಅವಳನ್ನ ನೋಡಿ ಯಾಕ್ ನಗ್ತೀರಿ? ಕಾರಲ್ಲಿ ಬರ್ತಾ ಹಾಗಂತ ಹೇಳಿದ್ದು ನಾನೇ," ಎಂದರು ಅಂಕಲ್.

ಕಾರಿನಲ್ಲಿ ಅವರು ಮಾತಾಡಿದ್ದು ಹಿತ್ತಲಿನ ಹಾಗಲಬಳ್ಳಿಯ ವಿಷಯ ಮಾತ್ರ.

ವಾಪಸ್ ಬರುವಾಗ ಕೇಳಿದೆ, "ಯಾಕ್ ಅಂಕಲ್ ಹಾಗಂದ್ರಿ?"

"ನೀನು ಹೊಸಬಳು. ಇವರು ಒಂದು ಹೆಸರು ಇಟ್ರೆ ಬಿಡಲ್ಲ. ನನ್ನ ತಲೇಲಿ ಕೂದಲೇ ಇಲ್ಲ, ಇನ್ನೇನ್ ಉದುರುತ್ತೆ?"

ಹೆಸರು ಅವರಿಗೇ ಬಿತ್ತು. ಜಾರ್ಜಿಯಾ ಅಂಕಲ್. ಆಮೇಲೆ ಯಾವ ಕಟ್ಟಡದ ಮುಂದೆ ಅವರು ಮಾತು ಶುರು ಮಾಡಿದರೂ ಯಾರಾದರೊಬ್ಬರು, "ಇದು ಯಾವ ಸ್ಟೇಟ್‌ದು ಸಾರ್?" ಎನ್ನುತ್ತಿದ್ದರು. ಅವರೂ ನಗುತ್ತಿದ್ದರು. ಬರಬರುತ್ತಾ ವಿವರಿಸುವುದನ್ನೇ ಬಿಟ್ಟು, ಮಕ್ಕಳ ನೀರಿನ ಬಾಟಲಿ ಹಿಡಿದುಕೊಂಡು ಗುಂಪಿನ ಹಿಂದೆ ನಡೆಯತೊಡಗಿದರು. ನಿಜ ಹೇಳಲು ನನಗೆ ನಾಚಿಕೆ. ಹೇಳದೆ ಮನೆಗೆ ಬಂದಾಗ ಇನ್ನೂ ನಾಚಿಕೆ.

ಕಳೆದ ಚಳಿಗಾಲ ಅಂಕಲ್ ಹೃದಯಾಘಾತದಿಂದ ತೀರಿಕೊಂಡರು. ಅಂತಿಮ ದರ್ಶನಕ್ಕೆ ಎಲ್ಲರೂ ಸೇರಿದ್ದ ಫ್ಯೂನರಲ್ ಹೋಮ್‌ನಲ್ಲಿ ಅದೇ ಸ್ಟರ್ಲಿಂಗ್ ಗೆಳೆಯರು ಎದ್ದು ಜಾರ್ಜಿಯಾದ ಆ ಕಥೆ ಹೇಳಿದರು, ಪ್ರೀತಿಯಿಂದಲೇ. ಅಳುತ್ತಿದ್ದವರೂ ನಕ್ಕರು. ನಾನು ಎದ್ದು ನಿಂತೆ.

"ಆ ತಪ್ಪು ಅಂಕಲ್‌ದಲ್ಲ, ನನ್ನದು. ನನ್ನ ಮಾನ ಉಳಿಸೋಕೆ ಅವರು ಸುಳ್ಳು ಹೇಳಿದ್ರು."

ಗೆಳೆಯರು ಕಣ್ಣೊರೆಸಿಕೊಂಡರು. "ನೋಡಿ, ಎಷ್ಟು ಒಳ್ಳೇ ಹುಡುಗಿ! ಹೋದವರ ತಪ್ಪನ್ನ ತನ್ನ ಮೇಲೆ ಹಾಕ್ಕೋತಿದಾಳೆ."

"ಇಲ್ಲ, ನಿಜವಾಗ್ಲೂ..." ಎಂದೆ.

"ಸಾಕಮ್ಮ, ಕೂತ್ಕೋ," ಎಂದು ಅಂಕಲ್ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಸುತ್ತಲಿನವರೆಲ್ಲ ಮೆಚ್ಚುಗೆಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ತಲೆ ಎತ್ತಲಿಲ್ಲ.