ತಲೆ ತಗ್ಗಿಸಿ ಆಡಿದ ಬ್ರಿಜ್

ಜಮಖಂಡಿಯ ನಮ್ಮ ಕ್ಲಬ್ಬಿನ ಸಮಿತಿಯವರು ನನ್ನ ಬ್ರಿಜ್ ಇಸ್ಪೀಟಾಟದ ಜೊತೆಗಾರರನ್ನು ಮೋಸಗಾರರೆಂದು ತೀರ್ಮಾನಿಸಿದರು. ಆ ಶಬ್ದವನ್ನು ಅವರು ಬಳಸಲಿಲ್ಲ. ಓದಿಕೊಂಡವರು ಬಳಸುವುದೂ ಇಲ್ಲ. ಕಾಯಿಲೆಯಿಂದ ನಡುಗುವ ನನ್ನ ಜೊತೆಗಾರರ ಬಲಗೈ ನನಗೆ ಸನ್ನೆ ಮಾಡುತ್ತಿತ್ತೆಂದು ಹೇಳಿ, ನಾವು ಗೆದ್ದ ಪಂದ್ಯವನ್ನು ರದ್ದುಗೊಳಿಸಿ, ಇನ್ನು ಮುಂದೆ ನಾವಿಬ್ಬರೂ ಜೋಡಿಯಾಗಿ ಕೂರಕೂಡದೆಂದು ಗೊತ್ತುಪಡಿಸಿದರು. ಈಗ ಅದೇ ಸಮಿತಿ ಅವರಿಗೆ ಶಾಲು ಹೊದಿಸಿ, 'ಹಿರಿಯ ಆಟಗಾರ'ರೆಂದು ಸನ್ಮಾನಿಸಲು ಹೊರಟಿದೆ. ಅವರ ಬಗ್ಗೆ ನಾನು ಎರಡು ಮಾತು ಆಡಬೇಕಂತೆ. ಆಡಬೇಕಾದದ್ದನ್ನು ಇಲ್ಲಿ ಬರೆದಿಡುತ್ತೇನೆ.

ನನ್ನ ಜೊತೆಗಾರರು ನೇಕಾರರ ಊರಾದ ಬನಹಟ್ಟಿಯ ನೂಲಿನ ವ್ಯಾಪಾರಿ. ನಾನು ವಕೀಲಿ ಮಾಡಿ ನಿವೃತ್ತನಾದವನು. ಬ್ರಿಜ್‌ನಲ್ಲಿ ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ಒಬ್ಬರ ಎಲೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಎಷ್ಟು ಪಟ್ಟು ಗೆಲ್ಲುತ್ತೇವೆಂದು ಕರೆ ಹೇಳುವುದು ಮತ್ತು ಎಲೆ ಇಳಿಸುವುದು, ಇವೆರಡರಿಂದಲೇ ಒಬ್ಬರ ಮನಸ್ಸನ್ನು ಇನ್ನೊಬ್ಬರು ತಿಳಿಯಬೇಕು. ಹುಬ್ಬು ಏರಿಸುವುದಾಗಲಿ, ಬೇಕೆಂದೇ ತಡಮಾಡುವುದಾಗಲಿ ತಪ್ಪು. ಇಂಗ್ಲಿಷ್ ಓದದ ನನ್ನ ಜೊತೆಗಾರರು ಈ ಆಟವನ್ನು ಬೇರೆಯವರ ಕುರ್ಚಿಯ ಹಿಂದೆ ನಿಂತು, ಇಂಗ್ಲಿಷ್ ಕರೆಗಳನ್ನು ಮಂತ್ರದಂತೆ ಬಾಯಿಪಾಠ ಮಾಡಿ ಕಲಿತರು. ಮೊದಲು ಅವರೊಂದಿಗೆ ಆಡಲು ಯಾರೂ ಒಪ್ಪಲಿಲ್ಲ. "ನೂಲಿನಂವ ರಮ್ಮಿ ಆಡ್ಲಿ, ಬ್ರಿಜ್ ಯಾಕ ಬೇಕು?" ಎಂದು ಒಬ್ಬರು ನಕ್ಕಿದ್ದರು. ಯಾರು, ಯಾವ ಕುರ್ಚಿಯಲ್ಲಿ ಕುಳಿತು ನಕ್ಕರೆಂಬುದು ನನಗೆ ನೆನಪಿದೆ. ನನ್ನ ಹಳೆಯ ಜೊತೆಗಾರರಿಗೆ ವರ್ಗವಾದಾಗ ನಾನೇ ಇವರನ್ನು ಕರೆದು ಎದುರಿಗೆ ಕೂರಿಸಿಕೊಂಡೆ.

ಮುಧೋಳದಲ್ಲಿ ಗೆದ್ದೆವು, ಬೀಳಗಿಯಲ್ಲಿ ಗೆದ್ದೆವು. ದೊಡ್ಡ ಊರುಗಳ ಆಟಗಾರರು ಬಂದಿದ್ದ ಬೆಳಗಾವಿಯ ಪಂದ್ಯದಲ್ಲಿ ಮೂರನೆಯವರಾದೆವು. ಹಿಂದಿರುಗುವ ಬಸ್ಸಿನಲ್ಲಿ ಅವರು ಹಿಗ್ಗಲಿಲ್ಲ. ಕೈತಪ್ಪಿದ ಒಂದೇ ಒಂದು ಆಟವನ್ನು ಗೋಕಾಕ ಬರುವವರೆಗೂ ಬಾಯಲ್ಲೇ ಮತ್ತೆ ಮತ್ತೆ ಆಡಿದರು. ಅಂಗಡಿ ಬೆಳೆದಾಗ, ಮನೆ ಕಟ್ಟಿಸಿದಾಗ ಅವರ ಮುಖದಲ್ಲಿ ಕಾಣದ ಗಾಂಭೀರ್ಯ ಅದು.

ಅನಂತರ ಕೈ ನಡುಗಲು ಶುರುವಾಯಿತು. ಎಲೆ ಹಿಡಿದ ಬೆರಳು ಗಾಳಿಯಲ್ಲಿ ಅಲುಗಾಡಿ, ಮೇಜಿಗೆ ಇಳಿಯಲು ಹೊತ್ತು ಹಿಡಿಯುತ್ತಿತ್ತು. ಅವರಿಗೆ ಅದು ನಾಚಿಕೆ. ಊಟದ ಪಂಕ್ತಿಯಲ್ಲಿ ಹಿರಿಯರ ಕೈಯಿಂದ ಅನ್ನ ಚೆಲ್ಲಿದರೆ ಪಕ್ಕದವರು ತಮ್ಮ ತಮ್ಮ ತಾಟು ನೋಡಿಕೊಂಡು ಉಣ್ಣುವುದು ನಮ್ಮ ಕಡೆಯ ರೀತಿ. ನಾನೂ ಹಾಗೆಯೇ ಮಾಡಿದೆ. ಅವರ ಕೈ ಎದ್ದೊಡನೆ ತಲೆ ತಗ್ಗಿಸಿ ನನ್ನ ಎಲೆಗಳನ್ನು ನೋಡುತ್ತಿದ್ದೆ. ಅವರ ಎಲೆ ಮೇಜಿಗೆ ತಾಗಿದ ಸದ್ದು ಕೇಳಿದ ಮೇಲೆಯೇ ತಲೆ ಎತ್ತುತ್ತಿದ್ದೆ. ಈ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಲಿಲ್ಲ.

ಸುತ್ತಲಿನ ಊರುಗಳ ಜೋಡಿಗಳ ವಾರ್ಷಿಕ ಪಂದ್ಯ ನಮ್ಮ ಕ್ಲಬ್ಬಿನಲ್ಲೇ ನಡೆಯಿತು. ಕೊನೆಯ ಸುತ್ತಿನಲ್ಲಿ ಮುಧೋಳದ ಜೋಡಿಯನ್ನು ಸೋಲಿಸಿದೆವು. ಆ ಜೋಡಿಯ ಒಬ್ಬರು, ನಿವೃತ್ತ ಎಂಜಿನಿಯರ್, ಎಲೆಗಳನ್ನು ಮೇಜಿನ ಮೇಲೆ ಬಿಸಾಡಿ ನಮ್ಮ ಕಾರ್ಯದರ್ಶಿಯನ್ನು ಕರೆದರು.

"ಸಾಹುಕಾರ್ರು ಕೈ ಎತ್ತಿ ನಡಗಸ್ತಾರ. ಅದ ಟೈಮಿಗೆ ವಕೀಲ್ರು ತೆಳಗ ಮಾರಿ ಹಾಕತಾರ. ಪ್ರತಿ ಸಲಾನೂ. ಇದು ಮೊದ್ಲ ಮಾತಾಡ್ಕೊಂಡಿದ್ದಲ್ಲೇನ್ರಿ?"

"ಅವರಿಗೆ ಕೈ ನಡಗೂ ಬ್ಯಾನಿ ಐತಿ. ಇಡೀ ಕ್ಲಬ್ಬಿಗೆ ಗೊತ್ತೈತಿ," ಎಂದೆ.

ಕಾರ್ಯದರ್ಶಿ ಕನ್ನಡಕ ಒರೆಸಿಕೊಳ್ಳುತ್ತ, "ಅದು ಖರೆ ಐತ್ರಿ. ಆದ್ರ ನೀವ್ಯಾಕ ತೆಳಗ ನೋಡತೀರಿ? ಹಿರ್ಯಾರದೀರಿ, ಅಷ್ಟ ಹೇಳಿಬಿಡ್ರಿ, ಮುಗಿಸೂಣು," ಎಂದರು.

ಉತ್ತರ ನನ್ನ ನಾಲಗೆಯ ಮೇಲಿತ್ತು. ಆದರೆ ನನ್ನ ಜೊತೆಗಾರರು ಎದುರಿಗೇ ಕುಳಿತಿದ್ದರು, ಬಲಗೈಯನ್ನು ಎಡಗೈಯಿಂದ ಅದುಮಿಕೊಂಡು. 'ನಿಮ್ಮ ಕೈಯ ನಡುಕವನ್ನು ನಾನು ನೋಡಿದರೆ ನಿಮಗೆ ಅವಮಾನವಾಗುತ್ತದೆ, ಅದಕ್ಕೆ' ಎಂದು ಅವರ ಮುಂದೆಯೇ, ಅಷ್ಟು ಜನರ ನಡುವೆ ಹೇಳುವುದು ಹೇಗೆ? ಕೋರ್ಟಿನಲ್ಲಿ ಆಯುಷ್ಯ ಸವೆಸಿದ ನಾನು ಸುಮ್ಮನೆ ಕುಳಿತೆ. ನನ್ನ ಮೌನವನ್ನು ಸಮಿತಿ ಒಪ್ಪಿಗೆಯೆಂದು ಬರೆದುಕೊಂಡಿತು. ಮರುದಿನ ಕಾರ್ಯದರ್ಶಿಯನ್ನು ಒಂಟಿಯಾಗಿ ಕಂಡು ಕಾರಣವನ್ನು ಬಿಡಿಸಿ ಹೇಳಿದೆ. "ಅಲ್ಲೇ ಹೇಳಬೇಕಿತ್ರಿ. ಈಗ ಸಮಿತಿ ಮಾತು ಮುಗದೈತಿ," ಎಂದರು.

ಬೇರೆ ಜೊತೆಗಾರರೊಂದಿಗೆ ಆಡಬಹುದೆಂದು ಸಮಿತಿ ಔದಾರ್ಯ ತೋರಿಸಿತ್ತು. ನನ್ನ ಜೊತೆಗಾರರು ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದರು, ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂರುತ್ತಿದ್ದರು. "ಬರ್ರಿ ಸಾಹುಕಾರ್ರ, ಚಾ ತಗೋರಿ," ಎನ್ನುತ್ತಲೇ ಜನ ತಮ್ಮತಮ್ಮಲ್ಲೇ ಎಲೆ ಹಂಚಿಕೊಳ್ಳುತ್ತಿದ್ದರು. ಆಟಕ್ಕೆ ಒಬ್ಬರೂ ಕರೆಯಲಿಲ್ಲ. ಕೆಲವು ವಾರಗಳಾದ ಮೇಲೆ ಅವರು ಬರುವುದನ್ನು ಬಿಟ್ಟರು. ನಾನೂ ಮತ್ತೆ ಆ ಮೇಜಿಗೆ ಕೂತಿಲ್ಲ.

ಸನ್ಮಾನದ ವಿಷಯ ತಿಳಿಸಲು ಮೊನ್ನೆ ಬನಹಟ್ಟಿಗೆ ಹೋಗಿದ್ದೆ. ಓಣಿಯ ತುಂಬ ಮಗ್ಗಗಳ ಸದ್ದು. ಆ ಸದ್ದಿನೊಳಗೆ ಅವರು ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ಈಗ ಅವರ ಬೆರಳುಗಳಲ್ಲಿ ಎಲೆ ನಿಲ್ಲುವುದಿಲ್ಲ. ಶಾಲಿನ ಮಾತು ಕೇಳಿ ತುಟಿಯಂಚಿನಲ್ಲಿ ನಕ್ಕರು.

"ಬನಹಟ್ಟ್ಯಾಂವಗ ಜಮಖಂಡ್ಯಾವ್ರು ಅರಿವಿ ಹೊಚ್ಚತಾರಂತೇನ್ರಿ? ನಮ್ಮ ನೂಲಿಂದ ಇರಬೇಕ ನೋಡ್ರಿ ಅದು."

ನಾನೂ ನಕ್ಕೆ. ಅವರ ನಗು ಬೇಗನೆ ಆರಿತು. ತಮ್ಮ ಬಲಗೈಯನ್ನೇ ನೋಡುತ್ತ ಕೇಳಿದರು: "ವಕೀಲ್ರ, ಒಂದ ಖರೆ ಹೇಳ್ರಿ. ನನಗ ಗೊತ್ತಿಲ್ದಂಗ ಈ ಕೈ ನಿಮಗ ಏನರ ಹೇಳತಿತ್ತೇನು?"

"ಏನೂ ಹೇಳಲಿಲ್ರಿ. ನಾ ನೋಡ್ಲೇ ಇಲ್ಲ."

ಅವರು ತಲೆಯಾಡಿಸಿದರು. ನಂಬದೆಯೂ ತಲೆಯಾಡಿಸುವ ಜನರನ್ನು ಸಾಕ್ಷಿಕಟ್ಟೆಯಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಪಂದ್ಯ ಹೋಯಿತು, ಕುರ್ಚಿ ಹೋಯಿತು. ಅವೆರಡನ್ನೂ ಅವರು ನುಂಗಿಕೊಂಡಿದ್ದರು. ಆದರೆ ಎಲೆ ಕದ್ದು ನೋಡಲೂ ಬಾರದ ಅವರು ಈಗ ತಮ್ಮ ಕೈಯನ್ನೇ ಅನುಮಾನಿಸುತ್ತಿದ್ದಾರೆ. ಸಮಿತಿ ಅವರಿಗೆ ನಿಜವಾಗಿ ಹೊದಿಸಿದ್ದು ಇದನ್ನು.

ಸಮಿತಿಯವರೇ, ಶಾಲು ನಿಮ್ಮಲ್ಲೇ ಇರಲಿ. ಬನಹಟ್ಟಿಗೆ ಹೋಗಿ, ಅವರ ಹಾಸಿಗೆಯ ಪಕ್ಕದಲ್ಲಿ ನಿಂತು, ಅಂದು ನನಗೇ ಹೊಳೆಯದ ಈ ಪ್ರಶ್ನೆಗೆ ಅವರಿಗೆ ಕೇಳಿಸುವಂತೆ ಉತ್ತರ ಕೊಡಿ: ಅವರ ಕೈ ಎದ್ದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆನೆಂದು ನೀವೇ ಒಪ್ಪಿದಿರಲ್ಲ, ಹಾಗಿದ್ದರೆ ನಾನು ನೋಡಲೇ ಇಲ್ಲದ ಆ ಕೈಯ ಸನ್ನೆಯನ್ನು ಯಾವ ಕಣ್ಣಿನಿಂದ ಓದಿದೆ?